ಹೊಳೆ ದಡದ ಪಾಳು ಜಾಗನ ಊರ ಕಟ್ಟೆ ಮಾಡೋದು ಹೇಗೆ? ನಾವು ಮಾಡಿದ್ದು ಹೀಗೆ

ನಮ್ಮೂರು ಮಧುಗಿರಿ ತಾಲ್ಲೂಕು, ಕೊಡಿಗೇನಹಳ್ಳಿ ಕಡೆ, ಜಯಮಂಗಲಿ ಹೊಳೆ ದಡದಲ್ಲಿದೆ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಆಂಧ್ರದ ಕಡೆ ಹೋಗಿ ಉತ್ತರ ಪಿನಾಕಿನಿ ಸೇರೋ ಹೊಳೆ ಇದು. ಆದ್ರೆ ನನ್ನ ವಯಸ್ಸಿನವರಿಗೆ ಹೊಳೆ ಅಂದ್ರೆ ಮೊದಲು ಮರಳು, ಮರಳು ಖಾಲಿ ಆದಮೇಲೆ ಗುಂಡಿ, ಗುಂಡಿ ಸುತ್ತ ಸೀಮೆಜಾಲಿ, ಅಷ್ಟೇ. 2021ರ ಕೊನೆಗೆ, ಆಮೇಲೆ 2022ರಲ್ಲಿ ಹಿಡಿದ ಮಳೆಗೆ ಹೊಳೆ ದಡ ತುಂಬಿ ಹರೀತು, ಊರಿನ ಅರ್ಧ ಜನ ಸೇತುವೆ ಮೇಲೆ ನಿಂತು ನೋಡಿದ್ರು, ಯಾಕಂದ್ರೆ ಬೇರೆ ಎಲ್ಲೂ ನಿಂತು ನೋಡೋ ಹಾಗೇ ಇರ್ಲಿಲ್ಲ. ಊರಿಗೂ ಹೊಳೆಗೂ ಮಧ್ಯ ಸುಮಾರು ಎರಡು ಎಕರೆ ಜಾಲಿ, ಕಸ, ಗಾಜಿನ ಚೂರು. ಅವತ್ತು ಸೇತುವೆ ಮೇಲೆ ಶುರುವಾದ ಮಾತು ಇವತ್ತು ಒಂದು ಬಯಲು, ಎರಡು ಕಟ್ಟೆ, ಒಂದು ಸೋಪಾನ, ನಲವತ್ತು ಚಿಲ್ಲರೆ ಗಿಡ ಆಗಿ ನಿಂತಿದೆ. ಸುತ್ತಮುತ್ತ ಊರಿನವ್ರು ಬಂದು ಹೆಂಗೆ ಮಾಡಿದ್ರಿ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ಕ್ರಮವಾಗಿ ಬರೀತಾ ಇದೀನಿ. ಪಿನಾಕಿನಿ, ಚಿತ್ರಾವತಿ, ಪಾಲಾರ್ ದಡದ ಊರುಗಳದ್ದೂ ಹೆಚ್ಚುಕಮ್ಮಿ ಇದೇ ಕಥೆ, ಹಾಗಾಗಿ ಗೌರಿಬಿದನೂರು, ಬಾಗೇಪಲ್ಲಿ, ಕೋಲಾರದ ಕಡೆಯವರಿಗೂ ಇದು ಉಪಯೋಗಕ್ಕೆ ಬರುತ್ತೆ ಅನ್ಕೊಂಡಿದೀನಿ.

ಮೊದಲು ಒಂದು ತಿಂಗಳು ಏನೂ ಮುಟ್ಟಬೇಡಿ

ಜೆಸಿಬಿ ಕರೆಸೋದು ಸುಲಭ, ಗಂಟೆಗೆ ಸಾವಿರದ ಮೇಲೆ ಕೊಟ್ರೆ ಬೆಳಗ್ಗೆ ಬಂದು ಸಂಜೆಗೆ ಎಲ್ಲಾ ಸಪಾಟು ಮಾಡಿ ಹೋಗ್ತಾರೆ. ಆದ್ರೆ ಅದಕ್ಕಿಂತ ಮುಂಚೆ ಒಂದು ನೋಟ್‌ಬುಕ್ ತಗೊಂಡು ಆ ಜಾಗಕ್ಕೆ ಯಾರ್ಯಾರು, ಎಷ್ಟು ಹೊತ್ತಿಗೆ, ಯಾಕೆ ಬರ್ತಾರೆ ಅಂತ ಬರ್ಕೊಳ್ಳಿ. ಪಾಳು ಬಿದ್ದಿದೆ ಅಂತ ನಾವು ಹೇಳೋ ಜಾಗ ಯಾವತ್ತೂ ಪೂರ್ತಿ ಪಾಳು ಇರಲ್ಲ. ನಮ್ಮಲ್ಲಿ ಮಡಿವಾಳರ ಎರಡು ಮನೆಯವ್ರು ಬಂಡೆ ಮೇಲೆ ಬಟ್ಟೆ ಒಗೀತಿದ್ರು, ಕುರಿ ಹಟ್ಟಿಯವ್ರು ಮಧ್ಯಾಹ್ನ ಕುರಿ ತರುಬುತಿದ್ರು, ಹುಡುಗರು ಒಂದು ಮೂಲೇಲಿ ಕ್ರಿಕೆಟ್ ಆಡ್ತಿದ್ರು, ರಾತ್ರಿ ಟ್ರ್ಯಾಕ್ಟರ್ ಮರಳಿಗೆ ಇಳೀತಿತ್ತು, ಪಡುವಣ ಕಡೆ ಒಂದು ಮನೆತನದವರ ಹಳೇ ಸಮಾಧಿ ಮೂರು ಇದ್ವು.

ಇನ್ನೊಂದು ವಿಷಯ ನಮಗೆ ಹೊಳೆದೇ ಇರ್ಲಿಲ್ಲ. ಜಾಲಿ ಕಡೀತೀವಿ ಅಂತ ಊರಲ್ಲಿ ಮಾತಾಡ್ತಿದ್ದಾಗ ಕಾಲೋನಿಯ ಒಬ್ರು ಅಜ್ಜಿ ನನ್ನ ಪಕ್ಕಕ್ಕೆ ಕರೆದು, "ಮಗಾ, ಆ ಬೇಲಿ ಕಡಿದ್ರೆ ನಾವು ಹೆಣ್ಣಾಳುಗಳು ಬೆಳಗಿನ ಜಾವ ಎಲ್ಲಿಗೋಗನ ಹೇಳು" ಅಂದ್ರು. ನಾನು ಮಾತಾಡ್ಲಿಲ್ಲ, ಮಾತು ಬರ್ಲಿಲ್ಲ. ವಿಚಾರಿಸಿ ನೋಡಿದ್ರೆ ಹನ್ನೊಂದು ಮನೆಯಲ್ಲಿ ಶೌಚಾಲಯ ಲೆಕ್ಕಕ್ಕೆ ಇತ್ತು, ಬಳಕೆಗೆ ಇರ್ಲಿಲ್ಲ. ಕೆಲವಕ್ಕೆ ನೀರಿನ ಪೈಪ್ ಇಲ್ಲ, ಕೆಲವರದ್ದು ಗುಂಡಿ ತುಂಬಿಹೋಗಿತ್ತು, ಎರಡು ಮನೇಲಿ ಒಳಗೆ ಸೌದೆ ತುಂಬಿದ್ರು. ಪಂಚಾಯತಿ ಕಡೆಯಿಂದ ನಲ್ಲಿ ಸಂಪರ್ಕ ಎಳೆಸಿ, ಗುಂಡಿ ಖಾಲಿ ಮಾಡಿಸಿ, ಮೂರು ಮನೆಗೆ ಹೊಸದಾಗಿ ಕಟ್ಟಿಸೋಕೆ ನಾಲ್ಕು ತಿಂಗಳು ಹಿಡೀತು, ಅಲ್ಲಿವರೆಗೂ ಆ ಕಡೆ ಒಂದು ಜಾಲಿ ಗಿಡನೂ ಮುಟ್ಲಿಲ್ಲ. ನಿಮ್ಮೂರಲ್ಲೂ ಇದನ್ನ ಗಂಡಸರು ಕೇಳಿದ್ರೆ ಯಾರೂ ಹೇಳಲ್ಲ. ಆಶಾ ಕಾರ್ಯಕರ್ತೆ ಅಕ್ಕ, ಅಂಗನವಾಡಿ ಅಕ್ಕ, ಸ್ತ್ರೀಶಕ್ತಿ ಸಂಘದವ್ರು ಕೇಳ್ಲಿ. ಬೇರೆ ಯಾವ ಹೆಜ್ಜೆ ಬಿಟ್ರೂ ಪರವಾಗಿಲ್ಲ, ಇದೊಂದು ಬಿಡಬೇಡಿ, ಬಿಟ್ರೆ ಊರಿನ ಚೆಂದಕ್ಕೆ ಅಂತ ಮಾಡೋ ಕೆಲಸ ಅರ್ಧ ಊರಿನ ಮಾನದ ಮೇಲೆ ಬೀಳುತ್ತೆ.

ಜಾಗ ಯಾರದ್ದು ಅಂತ ಕಾಗದದಲ್ಲಿ ನೋಡಿ

ಎಲ್ರೂ "ಅದು ಸರ್ಕಾರದ್ದೇ ಬಿಡಪ್ಪ" ಅಂತಾರೆ, ಆದ್ರೆ ಕಟ್ಟೆ ಕಟ್ಟಿದ ಮಾರನೇ ದಿನ ಯಾರೋ ಪಹಣಿ ಹಿಡ್ಕೊಂಡು ಬರ್ತಾರೆ. ಫೋನಲ್ಲಿ ದಿಶಾಂಕ್ ಆಪ್ ಹಾಕ್ಕೊಂಡು ಜಾಗದಲ್ಲಿ ನಿಂತ್ರೆ ಸರ್ವೆ ನಂಬರ್ ತೋರಿಸುತ್ತೆ, ಅದು ಅಂದಾಜಿಗೆ ಮಾತ್ರ, ನಾಲ್ಕಾರು ಅಡಿ ಆಕಡೆ ಈಕಡೆ ಆಗುತ್ತೆ. ಆ ನಂಬರ್ ಇಟ್ಕೊಂಡು ಪಹಣಿ, ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ) ತೆಗೆಸಿ. ಖರಾಬು ಅಂತ ಬರೆದಿದ್ರೆ ಅದು 'ಎ' ಖರಾಬೋ 'ಬಿ' ಖರಾಬೋ ನೋಡಿ. 'ಎ' ಅಂದ್ರೆ ಹಿಡುವಳಿದಾರರ ಜಮೀನಿಗೇ ಸೇರಿದ, ಸಾಗುವಳಿಗೆ ಬರದ ಜಾಗ, 'ಬಿ' ಅಂದ್ರೆ ದಾರಿ, ಹಳ್ಳ, ಸ್ಮಶಾನದ ಥರ ಸಾರ್ವಜನಿಕ ಜಾಗ. ಈ ಒಂದಕ್ಷರದ ವ್ಯತ್ಯಾಸದಲ್ಲಿ ಕೋರ್ಟಿಗೆ ಹೋದವ್ರು ನಮ್ಮ ಹೋಬಳಿಯಲ್ಲೇ ಇದಾರೆ. ಹೊಳೆ ಪಾತ್ರದ ವಿಷಯಕ್ಕೆ ಬಂದ್ರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆ 67ನೇ ಸೆಕ್ಷನ್ ಪ್ರಕಾರ ನದಿ, ಹಳ್ಳ, ಕೆರೆ ಇವುಗಳ ತಳ ಸರ್ಕಾರದ್ದು, ಅಲ್ಲಿ ಪಂಚಾಯತಿಯೇ ಆದ್ರೂ ತನ್ನಿಷ್ಟಕ್ಕೆ ಏನೂ ಕಟ್ಟೋಕೆ ಬರಲ್ಲ. ದಡದ ಮೇಲಿನ ಗ್ರಾಮ ಠಾಣಾ (ಊರು ನೆಲೆಸಿರೋ ಜಾಗ), ಗುಂಡುತೋಪು (ಊರಿನ ಸಾರ್ವಜನಿಕ ತೋಪು), ಬಿ ಖರಾಬು ಎಷ್ಟಿದೆ ಅಂತ ಗ್ರಾಮ ಆಡಳಿತಾಧಿಕಾರಿ ಮೂಲಕ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸಿ, ಬಾಂದು ಕಲ್ಲು ನೆಡಿಸಿ. ಸರ್ವೆಯವ್ರು ಬರೋ ದಿನ ಅಕ್ಕಪಕ್ಕದ ಜಮೀನಿನವ್ರು ಎಲ್ರೂ ಸ್ಥಳದಲ್ಲಿ ಇರೋ ಹಾಗೆ ನೋಡ್ಕೊಳ್ಳಿ. ನಮ್ಮಲ್ಲಿ ಒಬ್ರು ರೈತರು ಎಂಟು ಗುಂಟೆ ಒಳಗೆ ಬಂದಿದ್ರು, ಗಲಾಟೆ ಮಾಡದೆ ಬೆಳೆ ಕಟಾವು ಆಗೋವರೆಗೂ ಟೈಮ್ ಕೊಟ್ವಿ, ಅವರೇ ಬೇಲಿ ಕಿತ್ತು ಹಿಂದಕ್ಕೆ ಹಾಕ್ಕೊಂಡ್ರು, ಆಮೇಲೆ ಕಟ್ಟೆ ಕಲ್ಲಿಗೆ ತಮ್ಮ ಟ್ರ್ಯಾಕ್ಟರ್ ಕೂಡ ಕೊಟ್ರು.

ಮಾತು ಎಲ್ಲಿ ಕೂತು ಆಡಬೇಕು

ವಾರ್ಡ್ ಸಭೆ, ಗ್ರಾಮ ಸಭೆ ಆರು ತಿಂಗಳಿಗೊಮ್ಮೆ ಆದ್ರೂ ಆಗ್ಬೇಕು ಅಂತ 1993ರ ಪಂಚಾಯತ್ ರಾಜ್ ಕಾಯ್ದೆಲೇ ಇದೆ, ಮೊದಲು ವಾರ್ಡ್ ಸಭೆಯಲ್ಲಿ ವಿಷಯ ಇಟ್ಟು ಅಲ್ಲಿಂದ ಗ್ರಾಮ ಸಭೆಗೆ ತಂದು ನಡಾವಳಿ ಪುಸ್ತಕದಲ್ಲಿ ಸರ್ವೆ ನಂಬರ್ ಸಮೇತ ಬರೆಸಿ, ಅದರ ನಕಲು ನಿಮ್ಮ ಹತ್ರ ಇಟ್ಕೊಳ್ಳಿ. ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಬದಲಾಗ್ತಾರೆ, ಮೆಂಬರ್ ಬದಲಾಗ್ತಾರೆ, ಆ ನಕಲೇ ಉಳಿಯೋದು.

ಆದ್ರೆ ನಿಜವಾದ ಮಾತು ನಡೆಯೋದು ಸಭೆಯಲ್ಲಲ್ಲ. ನಾವು ಮೂರು ಭಾನುವಾರ ಹೊಳೆ ದಡದಲ್ಲೇ ಟಾರ್ಪಾಲ್ ಹಾಕಿ ಕೂತ್ವಿ, ಮಂಡಕ್ಕಿ ಟೀ ಇಟ್ವಿ. ಮೊದಲ ಭಾನುವಾರ ಕಾಲೋನಿಯಿಂದ ಬಂದವರು ನಾಲ್ಕೇ ಜನ, ಅವರೂ ದೂರದಲ್ಲಿ ನಿಂತೇ ಇದ್ರು. ಎರಡನೇ ವಾರ ಜಾಗ ಬದಲಾಯಿಸಿ ಕಾಲೋನಿಯಿಂದ ಹೊಳೆಗೆ ಇಳಿಯೋ ಕಾಲ್ದಾರಿ ಬಾಯಲ್ಲಿ ಕೂತ್ವಿ, ಅವತ್ತು ಮೂವತ್ತು ಜನ ಬಂದ್ರು. ಅಲ್ಲೇ ತೀರ್ಮಾನ ಆಗಿದ್ದು, ಬಯಲಿಗೆ ಎರಡು ಬಾಗಿಲು, ಒಂದು ಊರ ಕಡೆಯಿಂದ, ಒಂದು ಕಾಲೋನಿ ಕಡೆಯಿಂದ, ಎರಡೂ ಒಂದೇ ಅಗಲ, ಎರಡಕ್ಕೂ ಒಂದೇ ಕಲ್ಲು. ಕೇಳೋಕೆ ಸಣ್ಣ ವಿಷಯ ಅನ್ಸುತ್ತೆ. ಹಿಂದೆ ಇದೇ ಹೊಳೇಲಿ ಯಾರು ಮೇಲುಗಡೆ ನೀರು ಮೊಗೀಬೇಕು, ಯಾರು ಕೆಳಗಡೆ ಅಂತ ಗೆರೆ ಹಾಕಿದ್ದನ್ನ ಕಂಡವ್ರು ಇನ್ನೂ ಬದುಕಿದಾರೆ, ಅವರಿಗೆ ಇದು ಸಣ್ಣದಲ್ಲ. ಒಂದೇ ಬಾಗಿಲಿಟ್ಟು ಅದು ಗೌಡರ ಬೀದಿ ಕಡೆ ತೆರೆದಿದ್ರೆ ನಾವು ಎಷ್ಟೇ 'ಸಾರ್ವಜನಿಕ' ಅಂತ ಬೋರ್ಡ್ ಹಾಕಿದ್ರೂ ಕಾಲೋನಿ ಮಕ್ಕಳು ಬರ್ತಿರ್ಲಿಲ್ಲ.

ಕಸ ತೆಗೆಯೋ ಮುಂಚೆ ಕಸ ಬರೋ ದಾರಿ ಮುಚ್ಚಿ

ಒಂದು ಸಲ ಎನ್‌ಎಸ್‌ಎಸ್ ಮಕ್ಕಳು ಬಂದು ಪೂರ್ತಿ ಕ್ಲೀನ್ ಮಾಡಿ ಫೋಟೋ ತಗೊಂಡು ಹೋದ್ರು, ಹದಿನೈದು ದಿನಕ್ಕೆ ಮೊದಲಿನ ಥರನೇ ಆಯ್ತು. ಆಮೇಲೆ ಯಾರು ಹಾಕ್ತಿದಾರೆ ಅಂತ ಬೈಯೋದು ಬಿಟ್ಟು ಯಾಕೆ ಹಾಕ್ತಿದಾರೆ ಅಂತ ನೋಡಿದ್ವಿ. ಪಂಚಾಯತಿ ಸ್ವಚ್ಛ ವಾಹಿನಿ ಗಾಡಿ ಎರಡು ಓಣಿಗೆ ಹೋಗ್ತಾನೇ ಇರ್ಲಿಲ್ಲ, ಓಣಿ ಬಾಯಲ್ಲಿ ಕರೆಂಟ್ ಕಂಬ ಅಡ್ಡ, ಗಾಡಿ ತಿರುಗಲ್ಲ. ಆ ಓಣಿಯವ್ರು ಇನ್ನೆಲ್ಲಿ ಹಾಕ್ತಾರೆ? ಗಾಡಿ ಓಡಿಸೋ ಅಕ್ಕನ ಜೊತೆ ಮಾತಾಡಿ, ಓಣಿ ಬಾಯಲ್ಲಿ ಐದು ನಿಮಿಷ ನಿಲ್ಲಿಸಿ ಹಾಡು ಹಾಕಿ ಕಾಯೋ ಹಾಗೆ ಟೈಮ್ ಗೊತ್ತು ಮಾಡಿದ್ವಿ, ಮುಕ್ಕಾಲು ಪಾಲು ಕಸ ಅಲ್ಲೇ ನಿಂತ್ಹೋಯ್ತು. ಉಳಿದಿದ್ದು ಕೋಳಿ ಅಂಗಡಿ ಪುಕ್ಕ ಮತ್ತು ಎಣ್ಣೆ ಪ್ಯಾಕೆಟ್. ಕೋಳಿ ಅಂಗಡಿಯವರಿಗೆ ಪಂಚಾಯತಿ ಲೈಸೆನ್ಸ್ ಇರುತ್ತೆ, ನೋಟಿಸ್ ಕೊಡಿಸಿ, ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚೋ ಹಾಗೆ ಹೇಳಿದ್ರೆ ಕೇಳ್ತಾರೆ.

ಕಸ ಎತ್ತೋ ದಿನ ಗಮ್ ಬೂಟು, ದಪ್ಪ ಗ್ಲೌಸ್ ಇಲ್ಲದೆ ಯಾರನ್ನೂ ಇಳಿಸಬೇಡಿ, ಗಾಜು, ಸೂಜಿ, ಜಾಲಿ ಮುಳ್ಳು, ಹಾವು ಎಲ್ಲಾ ಇರುತ್ತೆ. ಮಕ್ಕಳನ್ನಂತೂ ಬೇಡವೇ ಬೇಡ. ಪ್ಲಾಸ್ಟಿಕ್‌ಗೆ ಬೆಂಕಿ ಇಡಬೇಡಿ. ಅರಳಿ ಮರದ ಬುಡದಲ್ಲಿ ಒಡೆದ ದೇವರ ಫೋಟೋಗಳ ರಾಶಿ ಇರುತ್ತೆ, ಅದನ್ನ ಕಸದ ಜೊತೆ ಟ್ರ್ಯಾಕ್ಟರಿಗೆ ಎಸೆದ್ರೆ ಜನಕ್ಕೆ ನೋವಾಗುತ್ತೆ, ಕಟ್ಟು, ಗಾಜು, ಕಾಗದ ಬೇರೆ ಮಾಡಿ, ಕಾಗದನ ಪೂಜಾರ್ರ ಕೈಲಿ ಒಂದು ಹಣತೆ ಹಚ್ಚಿಸಿ ಮಣ್ಣಲ್ಲಿ ಹೂಳಿಸಿ.

ಸೀಮೆಜಾಲಿ

ಬುಡ ಬಿಟ್ಟು ಕಡಿದ್ರೆ ಮಳೆಗೆ ಒಂದಕ್ಕೆ ಹತ್ತು ಚಿಗುರು ಬರುತ್ತೆ, ಬೇರು ಸಮೇತ ಕೀಳಿಸ್ಬೇಕು, ಭೂಮಿ ಸ್ವಲ್ಪ ಹಸಿ ಇರುವಾಗ ಕಿತ್ತರೆ ಬೇರು ಪೂರ್ತಿ ಬರುತ್ತೆ. ಇದ್ದಲು ಸುಡೋರು ಬಂದು ಕೇಳ್ತಾರೆ, ಮರ ಅವರಿಗೆ, ಬುಡ ಕೀಳೋ ಜವಾಬ್ದಾರಿನೂ ಅವರಿಗೇ ಅಂತ ಮಾತಾಡ್ಕೊಂಡು ಪಂಚಾಯತಿಯಿಂದ ಹರಾಜು ಹಾಕಿಸಿ. ಸರ್ಕಾರಿ ಜಾಗ ಆದ್ದರಿಂದ ಅರಣ್ಯ ಇಲಾಖೆಯ ವಲಯ ಕಚೇರಿಗೆ ಮೊದಲೇ ಒಂದು ಪತ್ರ ಕೊಟ್ಟಿರಿ. ಮಧ್ಯ ಎಲ್ಲಾದ್ರೂ ಹೊಂಗೆ, ಬೇವು, ಈಚಲು, ಅತ್ತಿ ಸಿಕ್ಕಿಕೊಂಡಿರುತ್ತೆ, ಅದಕ್ಕೆ ಮೊದಲೇ ಸುಣ್ಣ ಬಳಿದು ಗುರುತು ಮಾಡಿ, ಜೆಸಿಬಿ ಡ್ರೈವರಿಗೆ ಸುತ್ತಾಡಿಸಿ ತೋರಿಸಿ. ನಾವು ಗುರುತು ಮಾಡೋಕೆ ಮುಂಚೆ ಎರಡು ಎಳೇ ಹೊಂಗೆ ಹೋಗೇಬಿಟ್ವು, ಈಗಲೂ ಆ ಜಾಗ ನೋಡಿದ್ರೆ ಸಂಕಟ ಆಗುತ್ತೆ. ಇಳಿಜಾರಿನ ದಡದಲ್ಲಿರೋ ಜಾಲಿನ ಒಂದೇ ಸಲ ಕೀಳಬೇಡಿ, ಅದರ ಬೇರೇ ಮಣ್ಣು ಹಿಡ್ಕೊಂಡಿರುತ್ತೆ. ಹತ್ತಿಪ್ಪತ್ತು ಅಡಿ ಪಟ್ಟಿ ಪಟ್ಟಿಯಾಗಿ ಕಿತ್ತು, ಕಿತ್ತ ಕಡೆ ಲಾವಂಚ ಕೂರಿಸಿ, ಅದು ಬೇರು ಬಿಟ್ಟಮೇಲೆ ಮುಂದಿನ ಪಟ್ಟಿ.

ಹೊಳೆಯ ಗೆರೆ

ಇದು ಎಂಜಿನಿಯರ್ ಕೆಲಸ ಅಂತ ಬಿಡಬೇಡಿ, ಊರಿನ ಹಿರೀಕರಿಗೆ ಎಂಜಿನಿಯರಿಗಿಂತ ಚೆನ್ನಾಗಿ ಗೊತ್ತಿರುತ್ತೆ. 2022ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಸೇತುವೆ ಕಂಬದ ಮೇಲಿನ ಕೆಸರು ಗುರುತು, ಮರದ ಕೊಂಬೆಗೆ ಸಿಕ್ಕಿಕೊಂಡ ಕಸ, ಫೋನಲ್ಲಿ ತೆಗೆದ ವಿಡಿಯೋ ಇದೆಲ್ಲಾ ಇಟ್ಕೊಂಡು ದಡದುದ್ದಕ್ಕೂ ಗೂಟ ಹೊಡ್ಕೊಂಡು ಹೋದ್ವಿ. ಆಮೇಲೆ ಒಬ್ರು ತಾತ ಬಂದು, "ಇದಲ್ಲ ಕಣಪ್ಪ, ನಾನು ಹುಡುಗಾಗಿದ್ದಾಗ ನೀರು ಆ ನಾಗರಕಲ್ಲಿನ ಹೆಡೆ ಮುಟ್ಟಿತ್ತು" ಅಂತ ಇನ್ನೂ ನಲವತ್ತು ಅಡಿ ಮೇಲೆ ತೋರಿಸಿದ್ರು. ಹಳೇ ಗೂಟ ಬಿಟ್ಟು ತಾತನ ಗೂಟನೇ ಗೆರೆ ಅಂತ ಇಟ್ಕೊಂಡ್ವಿ.

ಆ ಗೆರೆಗಿಂತ ಮೇಲೆ ಮಾತ್ರ ಕಟ್ಟೆ, ಲೈಟು, ಚಪ್ಪಡಿ. ಗೆರೆಗಿಂತ ಕೆಳಗೆ ಹುಲ್ಲು, ಮರ, ಮೆಟ್ಟಿಲು ಅಷ್ಟೇ, ನೀರು ಬಂದ್ರೆ ಮುಳುಗಿ ಎದ್ದು ನಿಲ್ಲೋ ಅಂಥದ್ದು. ತಡೆಗೋಡೆ ಕಟ್ಟಿ ಹೊಳೆನ ಆಚೆ ತಳ್ಳಿ ಜಾಗ ಜಾಸ್ತಿ ಮಾಡ್ಕೋಬಹುದು ಅಂತ ಯಾರಾದ್ರೂ ಅಂದೇ ಅಂತಾರೆ, ಆ ನೀರು ಎದುರು ದಡದವರ ತೋಟಕ್ಕೆ ನುಗ್ಗುತ್ತೆ ಅನ್ನೋದು ನೆನಪಿರಲಿ. ಮರಳು ಗುಂಡಿಗಳನ್ನ ಮಾತ್ರ ದಯವಿಟ್ಟು ಉದಾಸೀನ ಮಾಡಬೇಡಿ. ಮಳೆಗಾಲದಲ್ಲಿ ನೀರು ತುಂಬಿದಾಗ ಮೇಲಿಂದ ನೋಡಿದ್ರೆ ಮೊಣಕಾಲುದ್ದ ಕಾಣುತ್ತೆ, ಒಳಗೆ ಎರಡಾಳು ಇರುತ್ತೆ. ಜನ ಓಡಾಡೋ ಕಡೆ ಇರೋ ಗುಂಡಿಗಳ ಅಂಚು ಇಳಿಜಾರು ಮಾಡಿಸಿ, ಟ್ರ್ಯಾಕ್ಟರ್ ಇಳಿಯೋ ದಾರಿಗೆ ಅಡ್ಡಲಾಗಿ ಮೂರಡಿಗೊಂದು ದಿಂಡುಗಲ್ಲು ಹೂತು ನಿಲ್ಲಿಸಿ, ಮನುಷ್ಯರು, ದನ ದಾಟಬಹುದು, ಟ್ರ್ಯಾಕ್ಟರ್ ದಾಟಲ್ಲ. ನಮ್ಮ ಕಲ್ಲನ್ನ ಎರಡು ಸಲ ರಾತ್ರೋರಾತ್ರಿ ಕಿತ್ತು ಹಾಕಿದ್ರು, ಮೂರನೇ ಸಲ ಊರ ಹೆಂಗಸರೇ ಹೋಗಿ ನೆಟ್ರು, ಆಮೇಲೆ ಯಾರೂ ಮುಟ್ಟಲಿಲ್ಲ.

ತಲಪರಿಗೆ ಸಿಕ್ಕಿದ್ದು

ಜಾಲಿ ಕೀಳುವಾಗ ಪೂರ್ವದ ಮೂಲೆಯಲ್ಲಿ ಜೆಸಿಬಿ ಬಕೆಟ್ಟಿಗೆ ಕಲ್ಲು ತಾಗಿ ಠಣ್ ಅಂತು. ಡ್ರೈವರ್ ಹುಡುಗ ತಾನೇ ನಿಲ್ಲಿಸ್ದ, ಅವನಿಗೆ ಎಷ್ಟು ಋಣ ತೀರಿಸಿದ್ರೂ ಸಾಲದು. ಕೈಯಲ್ಲಿ ಮಣ್ಣು ತೆಗೆದ್ರೆ ಸಾಲಾಗಿ ಜೋಡಿಸಿದ ಚಪ್ಪಡಿ, ಅದರ ಕೆಳಗೆ ಇನ್ನೊಂದು ಸಾಲು. ತಲಪರಿಗೆ! ಮಧುಗಿರಿ, ಪಾವಗಡ, ಸಿರಾ ಕಡೆಯವರಿಗೆ ಗೊತ್ತಿರುತ್ತೆ, ಕೆರೆ ಹಿಂದೆಮುಂದೆ, ಹಳ್ಳದ ಮರಳು ನೆಲದಲ್ಲಿ ತಾನಾಗೇ ಜಿನುಗೋ ಒರತೆನ ಕಲ್ಲು ಕಟ್ಟಿ ಹಿಡಿದು, ಸಣ್ಣ ಕಾಲುವೆ ಮಾಡಿ ಗದ್ದೆಗೆ ಬಿಡ್ತಿದ್ದ ಏರ್ಪಾಡು. ಸರದಿ ಮೇಲೆ ನೀರು ಹಂಚ್ಕೊಂಡು, ವರ್ಷಕ್ಕೊಂದು ಸಲ ಮನೆಗೊಂದಾಳು ಬಂದು ಹೂಳು ಎತ್ತುತಿದ್ರು. ಬೋರ್‌ವೆಲ್ ಬಂದು ಅಂತರ್ಜಲ ಪಾತಾಳಕ್ಕೆ ಇಳಿದ ಮೇಲೆ ಒಂದೊಂದಾಗಿ ಬತ್ತಿ, ಮುಚ್ಚಿ, ಹೆಸರೂ ಮರೆತುಹೋದ್ವು.

ಅಲ್ಲಿಂದ ಮುಂದೆ ಮಷೀನ್ ಬೇಡ ಅಂತ ನಿಲ್ಲಿಸಿ ಗುದ್ದಲಿ, ಬಾಣಲಿ ಹಿಡಿದ್ವಿ, ಹನ್ನೆರಡು ದಿನ. ಮೊದಲು ಪ್ಲಾಸ್ಟಿಕ್ ಕವರ್, ಆಮೇಲೆ ಕಪ್ಪು ಜೇಡಿ, ಆಮೇಲೆ ಸಣ್ಣ ಮರಳು. ಹತ್ತನೇ ದಿನ ಬೆಳಗ್ಗೆ ಹೋದಾಗ ತಳದ ಮರಳು ಒದ್ದೆ ಇತ್ತು, ಕೈ ಇಟ್ಟು ಒತ್ತಿದ್ರೆ ಬೆರಳ ಸುತ್ತ ನೀರು ಬಂದು ನಿಲ್ತಿತ್ತು, ಕೈ ತೆಗೆದ್ರೆ ಬೆರಳಿನ ಗುಣಿಲೂ ನೀರು. ಜೊತೇಲಿದ್ದ ಅಕ್ಕ ಒಬ್ರು ಸೆರಗಿನ ಅಂಚು ಅದ್ದಿ ಕಣ್ಣಿಗೆ ಒತ್ಕೊಂಡ್ರು. ಈಗ ಮಳೆಗಾಲ ಆದಮೇಲೆ ನಾಲ್ಕೈದು ತಿಂಗಳು ಎರಡಡಿ ನೀರು ನಿಲ್ಲುತ್ತೆ, ಏಪ್ರಿಲ್ ಮೇನಲ್ಲಿ ಒಣಗುತ್ತೆ, ಒಣಗಿದಾಗಲೇ ಹೂಳು ತೆಗೀತೀವಿ.

ನಿಮ್ಮೂರ ದಡದಲ್ಲೂ ತಲಪರಿಗೆ, ಕಲ್ಯಾಣಿ, ಹಳೇ ಸೋಪಾನ, ಕಪಿಲೆ ಬಾವಿ, ವೀರಗಲ್ಲು ಏನಾದ್ರೂ ಹೂತುಹೋಗಿರಬಹುದು. ಜೆಸಿಬಿ ಬರೋ ಮುಂಚೆ ಎಪ್ಪತ್ತು ದಾಟಿದ ಹತ್ತು ಜನನ ಕರ್ಕೊಂಡು ಆ ಜಾಗದಲ್ಲಿ ಒಂದು ಸುತ್ತು ಹಾಕಿ, ಎಲ್ಲೆಲ್ಲಿ ಏನಿತ್ತು ಅಂತ ಕೇಳಿ. ಸಿಕ್ಕಿದ ಕಲ್ಲಿಗೆ ಪೇಂಟ್ ಬಳಿಯೋದು, ಟೈಲ್ಸ್ ಹಾಕೋದು, ಒರತೆ ತಳಕ್ಕೆ ಸಿಮೆಂಟ್ ಹಾಕೋದು ಮಾಡಬೇಡಿ. ತಳಕ್ಕೆ ಸಿಮೆಂಟ್ ಬಿದ್ರೆ ನೀರು ಬರೋ ಕಣ್ಣೇ ಮುಚ್ಚಿಹೋಗುತ್ತೆ. ವೀರಗಲ್ಲು, ಶಾಸನ ಸಿಕ್ಕಿದ್ರೆ ಇದ್ದಲ್ಲೇ ಬಿಟ್ಟು ತಹಶೀಲ್ದಾರ್ ಕಚೇರಿಗೆ ತಿಳಿಸಿ.

ಕಲ್ಲು, ಕಟ್ಟೆ, ಇಳಿಜಾರು

ಪೂರ್ತಿ ಜಾಗಕ್ಕೆ ಇಂಟರ್‌ಲಾಕ್ ಹಾಕಿಸೋ ಆಸೆ ಎಲ್ರಿಗೂ ಬರುತ್ತೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ. ನಮ್ಮ ಕಡೆ ಮಾರ್ಚಿಂದ ಮೇವರೆಗೂ ಅದರ ಮೇಲೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ಹತ್ತರಲ್ಲಿ ಒಂದು ಪಾಲು ಮಾತ್ರ ಹಾಸಿ, ಉಳಿದಿದ್ದು ಮಣ್ಣಿನ ಬಯಲೇ ಇರಲಿ. ಗೊರಚು ಮಣ್ಣು ಆರಿಂಚು ಹಾಕಿ ನೀರು ಹೊಡೆದು ರೋಲರ್ ಓಡಿಸಿದ್ರೆ ಕೆಸರಾಗಲ್ಲ. ಇಳಿಜಾರು ನೂರಡಿಗೆ ಒಂದೂವರೆ ಅಡಿ ಇಟ್ರೆ ಸಾಕು, ನೀರು ನಿಲ್ಲಲ್ಲ, ಕೂತವರಿಗೂ ಗೊತ್ತಾಗಲ್ಲ. ಹಾಸೋ ಕಡೆ ನಮ್ಮ ಸೀಮೆಯ ಗ್ರಾನೈಟ್ ಚಪ್ಪಡಿನೇ ಹಾಕಿ, ಕೆಳಗೆ ಜಲ್ಲಿ, ಅದರ ಮೇಲೆ ಎಂ-ಸ್ಯಾಂಡ್ ಕೊಟ್ಟು ಸಿಮೆಂಟ್ ಇಲ್ಲದೆ ಕೂರಿಸಿ. ಸಂದಿಯಲ್ಲಿ ನೀರು ಇಂಗುತ್ತೆ, ಗರಿಕೆ ಬರುತ್ತೆ, ಹೊಳೆ ಬಂದು ಒಂದು ಕಲ್ಲು ಕದಲಿದ್ರೆ ಅದೊಂದನ್ನೇ ಎತ್ತಿ ಕೂರಿಸಬಹುದು, ಕಾಂಕ್ರೀಟ್ ಆದ್ರೆ ಅಡಿ ಮಣ್ಣು ಕೊಚ್ಚಿಹೋಗಿ ಪೂರ್ತಿ ಹಲಗೆನೇ ಮುರಿದು ಬೀಳುತ್ತೆ.

ಕಟ್ಟೆ ಎತ್ತರ ಒಂದೂವರೆ ಅಡಿ. ಇದಕ್ಕೆ ನಾವು ಜಗಳನೇ ಆಡಿದ್ವಿ, ಮೇಸ್ತ್ರಿ ಎರಡೂವರೆ ಅಡಿ ಅಂದ್ರು, 'ಲುಕ್' ಬರುತ್ತೆ ಅಂತ. ಮಂಡಿನೋವಿರೋ ಅಜ್ಜಿ ಒಬ್ರನ್ನ ಕರೆದು ಇಟ್ಟಿಗೆ ಜೋಡಿಸಿ ಕೂರಿಸಿ ನೋಡಿದ್ವಿ, ಒಂದೂವರೆ ಅಡಿಗೆ ಅವರು ಕೈ ಊರದೆ ಎದ್ರು. ಅಗಲ ಮೂರಡಿ ಇದ್ರೆ ಎರಡೂ ಕಡೆ ಕೂರಬಹುದು, ಮಧ್ಯಾಹ್ನ ಒಬ್ರು ಮಲಗಲೂಬಹುದು. ಮರದ ಸುತ್ತ ಕಟ್ಟೆ ಕಟ್ಟುವಾಗ ಬುಡಕ್ಕೆ ಅಂಟಿಸಿ ಕಟ್ಟಬೇಡಿ, ಸುತ್ತ ಐದಡಿ ಮಣ್ಣು ಬಿಡಿ, ಕಟ್ಟೆ ಒಳಗೆ ಮಣ್ಣು ತುಂಬಿ ಬುಡ ಮುಚ್ಚಬೇಡಿ, ಎಷ್ಟೋ ಹಳೇ ಅರಳಿಕಟ್ಟೆಗಳ ಮರ ಒಣಗೋದು ಇದ್ರಿಂದನೇ. ಮೆಟ್ಟಿಲು ಅರ್ಧ ಅಡಿ ಎತ್ತರ, ಒಂದಡಿಗಿಂತ ಹೆಚ್ಚು ತುಳಿ. ಒಂದು ಕಡೆ ಗಾಲಿಕುರ್ಚಿ ಇಳಿಯೋ ಹಾಗೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಇರಲಿ. ಒಗೆಯೋ ಬಂಡೆಗಳನ್ನ ಇದ್ದಲ್ಲೇ ಬಿಟ್ವಿ, ಸಮಾಧಿ ಸುತ್ತ ಕಣಗಿಲೆ ಬೇಲಿ ಹಾಕಿದ್ವಿ, ಕುರಿಗಳಿಗೆ ಪಕ್ಕದಲ್ಲೇ ಒಂದು ಓಣಿ ಮತ್ತು ನೀರಿನ ತೊಟ್ಟಿ.

ಲೈಟಿನ ವಿಷಯ ಚುಟುಕಾಗಿ ಹೇಳ್ತೀನಿ. ಹೈಮಾಸ್ಟ್ (ತುಂಬಾ ಎತ್ತರದ ಕಂಬದ ದೊಡ್ಡ ಲೈಟು) ಬೇಡ, ಕರೆಂಟ್ ಬಿಲ್ ಪಂಚಾಯತಿ ತಲೆ ಮೇಲೆ ಬೀಳುತ್ತೆ, ಕೆಟ್ಟರೆ ಕ್ರೇನ್ ಬೇಕು. ಎರಡು ಬಾಗಿಲ ಹತ್ರ, ದಾರಿಯುದ್ದಕ್ಕೆ ಹತ್ತಡಿ ಕಂಬದ ನಾಲ್ಕು ಲೈಟ್ ಸಾಕು, ಹೊಳೆ ಕಡೆ ಕತ್ತಲೆ ಇರಲಿ, ಅಲ್ಲಿ ಹಕ್ಕಿ, ಕಪ್ಪೆ ಇರುತ್ವೆ.

ಗಿಡ

ದಡದ ಅಂಚಿಗೆ ಹೊಂಗೆ, ಹೊಳೆಮತ್ತಿ, ಅತ್ತಿ, ನೇರಳೆ. ಬಯಲ ಅಂಚಿಗೆ ಬೇವು, ಹುಣಸೆ, ಹಿಪ್ಪೆ. ಒಂದು ಅರಳಿ, ಒಂದು ಬೇವು ಜೋಡಿ. ಗುಲ್‌ಮೊಹರ್ ಚೆನ್ನಾಗಿ ಕಾಣುತ್ತೆ, ಗಾಳಿಗೆ ಮುರಿದು ಬೀಳುತ್ತೆ, ಕಟ್ಟೆ ಹತ್ರ ಬೇಡ. ಗುಂಡಿ ಮೂರಡಿ ಉದ್ದ, ಅಗಲ, ಆಳ, ಬೇಸಿಗೇಲೇ ತೆಗೆದು ಬಿಸಿಲು ಕಾಯಿಸಿ, ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಗೆದ್ದಲಿಗೆ ಒಂದೆರಡು ಹಿಡಿ ಬೇವಿನ ಹಿಂಡಿ ಹಾಕಿ, ಮುಂಗಾರು ಎರಡು ಹದ ಮಳೆ ಆದಮೇಲೆ ನೆಡಿ. ದೊಡ್ಡ ಮರಕ್ಕೆ ಇಪ್ಪತ್ತೈದು ಮೂವತ್ತಡಿ ಅಂತರ ಬೇಕು, ಈಗ ಖಾಲಿ ಕಾಣುತ್ತೆ ಅಂತ ಹತ್ತಿರ ನೆಡಬೇಡಿ. ಕಿತ್ತ ಜಾಲಿ ಮುಳ್ಳನ್ನೇ ಗಿಡದ ಸುತ್ತ ಬೇಲಿ ಮಾಡಿದ್ರೆ ಮೇಕೆ ಹತ್ರ ಬರಲ್ಲ. ಮೊದಲ ಮೂರು ಬೇಸಿಗೆ ನೀರು ಹಾಕಲೇಬೇಕು, ಗಿಡದ ಪಕ್ಕ ಒಂದು ಮಡಕೆ ಹೂತು, ತಳಕ್ಕೆ ತೂತು ಮಾಡಿ ಬತ್ತಿ ಹಾಕಿ ವಾರಕ್ಕೊಂದು ಸಲ ತುಂಬಿಸಿದ್ರೆ ಸಾಕಾಗುತ್ತೆ. ನಲವತ್ತು ಗಿಡನೂ ನಲವತ್ತು ಮನೆಗೆ ಹಂಚಿದ್ವಿ, ಹೆಸರಿನ ಬೋರ್ಡ್ ಹಾಕ್ಲಿಲ್ಲ, ಮಕ್ಕಳಿಗೆ ಮಾತ್ರ ಹೇಳಿದ್ವಿ ಇದು ನಿಂದು ಅಂತ. ಮೂರು ಒಣಗಿದ್ವು, ಮೂರನ್ನೂ ಮಕ್ಕಳೇ ಮತ್ತೆ ನೆಟ್ರು.

ದುಡ್ಡು

ಒಂದೇ ಕಡೆಯಿಂದ ಪೂರ್ತಿ ದುಡ್ಡು ಬರಲಿ ಅಂತ ಕಾಯ್ತಾ ಕೂತ್ರೆ ಜಾಲಿ ಇನ್ನೊಂದು ಸುತ್ತು ಬೆಳೆಯುತ್ತೆ. ತಲಪರಿಗೆ ಹೂಳು ತೆಗೆಯೋದು, ಗಿಡದ ಗುಂಡಿ, ನೆಡೋದು ಆಗಿನ ನರೇಗಾದಲ್ಲಿ (ಉದ್ಯೋಗ ಖಾತ್ರಿ) ಮಾಡಿಸಿದ್ವಿ, ಅದಕ್ಕೆ ಗ್ರಾಮ ಸಭೆಯಲ್ಲಿ ಕ್ರಿಯಾ ಯೋಜನೆಗೆ ಸೇರಿರಬೇಕಿತ್ತು, ಜಾಬ್ ಕಾರ್ಡ್ ಇರೋರು ನಮೂನೆ 6ರಲ್ಲಿ ಕೆಲಸ ಕೇಳಿರಬೇಕಿತ್ತು. ಅದರಲ್ಲಿ ಕೂಲಿ 60, ಸಾಮಗ್ರಿ 40ರ ಲೆಕ್ಕ ಇತ್ತು, ಕಂಟ್ರಾಕ್ಟರ್ ಇರ್ಲಿಲ್ಲ, ಆಳು ಮಾಡೋ ಕೆಲಸಕ್ಕೆ ಮಷೀನ್ ಬಿಡೋ ಹಾಗಿರ್ಲಿಲ್ಲ, ಹಾಗಾಗಿ ಜೆಸಿಬಿ ಬಾಡಿಗೆ ಅದಕ್ಕೆ ಸೇರಿಸೋಕೆ ಹೋಗಬೇಡಿ, ಆಡಿಟ್‌ನಲ್ಲಿ ಸಿಕ್ಕಿಹಾಕ್ಕೊತೀರಿ. ಉದ್ಯೋಗ ಖಾತ್ರಿಯ ನಿಯಮ, ಕೆಲಸದ ಪಟ್ಟಿ ಬದಲಾಗ್ತಾ ಇರುತ್ತೆ, ಪಿಡಿಒ ಹತ್ರ ಈಗಿನ ಪಟ್ಟಿ ಕೇಳಿ ಬರ್ಕೊಳ್ಳಿ. ಕಲ್ಲು ಮತ್ತು ಲೈಟು ಹಣಕಾಸು ಆಯೋಗದ ಅನುದಾನದಲ್ಲಿ ಷರತ್ತಿಲ್ಲದ ಭಾಗದಿಂದ ಬಂತು. ಜೆಸಿಬಿಗೆ ಜಾಲಿ ಹರಾಜಿನ ದುಡ್ಡು, ಸಾಲದ್ದಕ್ಕೆ ಮನೆ ಮನೆ ವಂತಿಗೆ. ವಂತಿಗೆ ನೂರು ರೂಪಾಯಿ ಮೀರಬಾರದು ಅಂತ ಇಟ್ವಿ, ಸಾವಿರ ಕೊಡ್ತೀನಿ ಅಂದವರಿಗೂ ನೂರೇ ತಗೊಂಡ್ವಿ, ಯಾಕಂದ್ರೆ ಜಾಸ್ತಿ ಕೊಟ್ಟವರ ಮಾತು ಆಮೇಲೆ ಜಾಸ್ತಿ ನಡೆಯುತ್ತೆ. ಲೆಕ್ಕನ ಪ್ರತಿ ಅಮಾವಾಸ್ಯೆ ಮಾರನೇ ದಿನ ಹಾಲಿನ ಡೇರಿ ಗೋಡೆ ಮೇಲೆ ಅಂಟಿಸ್ತಿದ್ವಿ, ಬೆಳಗ್ಗೆ ಸಂಜೆ ಎಲ್ರೂ ಅಲ್ಲಿಗೆ ಬಂದೇ ಬರ್ತಾರೆ.

ಆಮೇಲೆ ಶುರುವಾಗೋ ತಕರಾರು

ಬಯಲು ಚೆನ್ನಾಗಾದ ಕೂಡಲೇ ಎಲ್ರಿಗೂ ಬೇಕು, ಅದು ಒಳ್ಳೇದೇ. ಡಿಸೆಂಬರ್ ಜನವರಿಯಲ್ಲಿ ರಾಗಿ ಕಣ ಮಾಡ್ತೀವಿ ಅಂದ್ರು, ಹುಡುಗರು ಕ್ರಿಕೆಟ್ ಹಾಳಾಗುತ್ತೆ ಅಂದ್ರು. ಮೂರು ವಾರ ಕಣಕ್ಕೆ ಅರ್ಧ ಬಯಲು ಬಿಡೋದು ಅಂತ ಆಯ್ತು. ರಸ್ತೆ ಮೇಲೆ ರಾಗಿ ಹರಡಿ ಬೈಕಿನವ್ರು ಜಾರಿ ಬೀಳ್ತಿದ್ದದ್ದು ನಿಂತ್ಹೋಯ್ತು. ಫೆಬ್ರವರಿ ಮಾರ್ಚಲ್ಲಿ ಹುಣಸೆ ಕಾಲ, ಹೆಂಗಸರು ಮೂವತ್ತು ಜನ ಅರಳಿ ನೆರಳಲ್ಲಿ ಕೂತು ಓಡು ಬಿಡಿಸಿ, ಸುತ್ತಿಗೆಯಲ್ಲಿ ಕುಟ್ಟಿ ಬೀಜ ತೆಗೀತಾರೆ, ಒಂದೇ ತಾಳದಲ್ಲಿ ಟಕ್ ಟಕ್ ಅಂತ ಬೆಳಗಿಂದ ಸಂಜೆವರೆಗೂ. ಮೊದಲು ಅವರವರ ಮನೆ ಹಟ್ಟಿಯಲ್ಲಿ ಒಬ್ಬೊಬ್ರೇ ಕೂತು ಮಾಡ್ತಿದ್ದ ಕೆಲಸ ಇದು. ಮಧ್ಯವರ್ತಿ ಯಾರಿಗೆ ಎಷ್ಟು ಕೂಲಿ ಕೊಡ್ತಾನೆ ಅಂತ ಒಬ್ಬರಿಗೊಬ್ಬರಿಗೆ ಗೊತ್ತಾಗಿ ಎಲ್ರೂ ಒಂದೇ ರೇಟು ಕೇಳೋಕೆ ಶುರು ಮಾಡಿದಾರೆ, ಇಡೀ ಕೆಲಸದಲ್ಲಿ ನನಗೆ ತುಂಬಾ ಸಂತೋಷ ಕೊಟ್ಟಿದ್ದು ಇದೇ.

ಪೌರಾಣಿಕ ನಾಟಕ, ಮೂಡಲಪಾಯ ಯಕ್ಷಗಾನ, ಮಾರಮ್ಮನ ಆರತಿ, ಮದುವೆ ಊಟ ಎಲ್ಲಕ್ಕೂ ಒಂದು ದಾಖಲೆ ಪುಸ್ತಕ ಇಡಿ, ಮೊದಲು ಬರೆಸಿದವರಿಗೆ ಮೊದಲು, ಯಾವ ಬೀದಿಯವರೇ ಆಗ್ಲಿ. ಪುಸ್ತಕ ಯಾವ ಲೀಡರ್ ಮನೇಲೂ ಬೇಡ, ಅಂಗನವಾಡಿಯಲ್ಲೋ ಲೈಬ್ರರಿಯಲ್ಲೋ ಇರಲಿ. ಮೈಕು ರಾತ್ರಿ ಹತ್ತಕ್ಕೆ ಬಂದ್, ನಾಟಕದ ದಿನ ಮೊದಲೇ ಪರ್ಮಿಷನ್. ಯಾರ ಪ್ರತಿಮೆನೂ ಬೇಡ, ಯಾವ ಧ್ವಜಸ್ತಂಭನೂ ಬೇಡ ಅಂತ ಮೊದಲ ದಿನವೇ ನಡಾವಳಿಯಲ್ಲಿ ಬರೆಸಿ. ಆಗ ಬರೆಸದೇ ಹೋದ್ರೆ ಚುನಾವಣೆ ಹತ್ರ ಬಂದಾಗ ಬರೆಸೋಕಾಗಲ್ಲ.

ಇನ್ನು ನೋಡ್ಕೊಳ್ಳೋ ಕೆಲಸ. ಮಡಿವಾಳರ ಮನೆಯ ಒಬ್ರಿಗೆ ಪಂಚಾಯತಿಯಿಂದ ದಿನಗೂಲಿ ಮೇಲೆ ವಾರಕ್ಕೆರಡು ದಿನ ಗುಡಿಸೋ ಕೆಲಸ ಕೊಟ್ಟಿದೀವಿ. ಏಪ್ರಿಲ್ ಕೊನೆಗೆ ಮನೆಗೊಂದಾಳು ಬಂದು ತಲಪರಿಗೆ ಹೂಳು ಎತ್ತುತಾರೆ, ಅವತ್ತು ಎಲ್ರಿಗೂ ಅಲ್ಲೇ ಮುದ್ದೆ, ಹುರುಳಿಕಾಳು ಸಾರು. ಜಾಲಿ ಮಾತ್ರ ಪ್ರತಿ ವರ್ಷ ವಾಪಸ್ ಬರುತ್ತೆ. ಕುರಿ ಮೇಕೆ ಎಲ್ಲೋ ಕಾಯಿ ತಿಂದು ಇಲ್ಲಿ ಹಿಕ್ಕೆ ಹಾಕ್ತವೆ, ಅದರಲ್ಲಿ ಬೀಜ ಇರುತ್ತೆ. ಮೊದಲ ಹದ ಮಳೆ ಆಗಿ ಹದಿನೈದು ದಿನಕ್ಕೆ ಶಾಲೆ ಮಕ್ಕಳು, ನಾವು ಎಲ್ಲಾ ಸಾಲಾಗಿ ನಿಂತು ಬಯಲ ಒಂದು ತುದಿಯಿಂದ ಇನ್ನೊಂದು ತುದಿಗೆ ಬಗ್ಗಿ ನೋಡ್ಕೊಂಡು ಹೋಗ್ತೀವಿ. ಆಗ ಸಸಿ ಬೆರಳುದ್ದ ಇರುತ್ತೆ, ಮುಳ್ಳು ಮೆತ್ತಗಿರುತ್ತೆ, ಎರಡು ಬೆರಳಲ್ಲಿ ಹಿಡಿದು ಎಳೆದ್ರೆ ಬೇರು ಸಮೇತ ಬರುತ್ತೆ. ದೀಪಾವಳಿವರೆಗೂ ಬಿಟ್ರೆ ಗುದ್ದಲಿ ಬೇಕಾಗುತ್ತೆ, ಮುಂದಿನ ವರ್ಷಕ್ಕೆ ಬಿಟ್ರೆ ಜೆಸಿಬಿ. ಈ ಸಲ ಎರಡು ಗೋಣಿಚೀಲ ಕಿತ್ವಿ, ಹೋದ ವರ್ಷ ಐದು ಆಗಿತ್ತು.